ಗಜನಿ ಕಟ್ಟೆ ಕಟ್ಟೋಣ, ಕಗ್ಗದ ಬೀಜ ಉಳಿಸೋಣ: ದೇಣಿಗೆಗಾಗಿ ಮನವಿ

ಊರಿನ ಹಿರಿಯರಿಗೆ, ಅಕ್ಕ-ತಂಗಿಯರಿಗೆ, ದುಡಿಮೆಗೆಂದು ಹುಬ್ಬಳ್ಳಿ, ಬೆಂಗಳೂರು, ಗೋವಾ, ಮುಂಬೈ ಸೇರಿದ ನಮ್ಮ ಮಕ್ಕಳಿಗೆ, ಅಘನಾಶಿನಿ ಹೊಳೆಯ ಮೇಲೆ ಪ್ರೀತಿ ಇರುವ ಎಲ್ಲರಿಗೂ ದೇವಸ್ಥಾನ ಸಮಿತಿಯ ನಮಸ್ಕಾರಗಳು.

ಕಳೆದ ನವರಾತ್ರಿಯಲ್ಲಿ ದೇವರಿಗೆ ಏರಿಸಿದ ಕದಿರು ನಮ್ಮ ಗದ್ದೆಯದಲ್ಲ. ಹೊಳೆಯಾಚೆಯ ನೆಂಟರ ಗದ್ದೆಯಿಂದ ತಂದದ್ದು. ಮನೆ ಬಾಗಿಲಿಗೆ ಕಟ್ಟಿದ್ದೂ ಅದೇ. ಪೂಜೆಗೇನೂ ಕಡಿಮೆಯಾಗಲಿಲ್ಲ. ಆದರೆ ಕದಿರು ಹಂಚುವಾಗ ವಯಸ್ಸಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರು. ಅವತ್ತು ರಾತ್ರಿಯೇ ಸಭೆ ಸೇರಿತು. ಹೊಸ ಸಭಾಮಂಟಪಕ್ಕೆಂದು ಇಟ್ಟ ಹಣವನ್ನು ಮೊದಲು ಒಡೆದುಹೋದ ಗಜನಿ ಕಟ್ಟೆಗೆ, ಅಂದರೆ ನಮ್ಮ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಒಡ್ಡಿಗೆ, ಹಾಕುವುದು ಎಂದು ಎಲ್ಲರೂ ಒಪ್ಪಿದರು. ಅದು ಸಾಲುವುದಿಲ್ಲ. ಅದಕ್ಕೇ ಈ ಮನವಿ.

ದೂರದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಅಘನಾಶಿನಿ ಶಿರಸಿ ಕಡೆಯ ಕಾಡಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಬಿದ್ದು, ಘಟ್ಟ ಇಳಿದು ಕುಮಟಾ ತಾಲ್ಲೂಕಿಗೆ ಬರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಮಿರ್ಜಾನ್ ದಾಟಿದ ಮೇಲೆ ಹೊಳೆ ಅಗಲವಾಗುತ್ತದೆ. ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅಲ್ಲಿಂದ ಭರತಿಯ (ಉಬ್ಬರದ) ಉಪ್ಪುನೀರು ದಿನಕ್ಕೆ ಎರಡು ಸಲ ಒಳಗೆ ಬಂದು ಹೋಗುತ್ತದೆ. ಹೊಳೆಯ ಪಕ್ಕದ ಈ ತಗ್ಗು ಭೂಮಿಯೇ ಗಜನಿ. ಹೆಗಡೆ, ಮಾಣಿಕಟ್ಟಾ, ಮಾಸೂರು, ಐಗಳಕುರ್ವೆ ಎಂದು ಎರಡೂ ದಂಡೆಯ ಎಷ್ಟೋ ಊರುಗಳು ಇದನ್ನು ನಂಬಿ ಬದುಕಿದವು.

ಇಲ್ಲಿ ಬೆಳೆಯುವ ಭತ್ತ ಕಗ್ಗ. ಉಪ್ಪಿಗೆ ಜಗ್ಗದ ಭತ್ತ. ನೆರೆ ಬಂದು ಕೆಲವು ದಿನ ಮುಳುಗಿದರೂ ನೀರು ಇಳಿದ ಮೇಲೆ ಮತ್ತೆ ತಲೆ ಎತ್ತುತ್ತದೆ. ಗಿಡ ಹತ್ತಿರ ಹತ್ತಿರ ಆಳೆತ್ತರ. ಅಕ್ಕಿ ಕೆಂಪು. ಇದರ ಕುಚಲಕ್ಕಿ ಗಂಜಿಗೆ ಒಣಮೀನು ಸುಟ್ಟುಕೊಂಡು ಉಂಡವರಿಗೆ ನಾವು ಹೇಳಬೇಕಾದ್ದೇನೂ ಇಲ್ಲ. ಕೇರಳದಲ್ಲಿ ಪೊಕ್ಕಾಳಿ, ಗೋವಾದಲ್ಲಿ ಕೊರ್ಗುಟ್ ಎಂಬ ಉಪ್ಪುನೀರಿನ ಭತ್ತಗಳಿವೆ. ಕಗ್ಗ ಅದೇ ಬಳಗದ್ದು, ನಮ್ಮ ಹೊಳೆಯದು.

ಬೇಸಿಗೆಯಲ್ಲಿ ಕಟ್ಟೆಯ ಬಾಗಿಲು ಮುಚ್ಚಿ ಗಜನಿಯ ನೀರು ಬಸಿಯುತ್ತೇವೆ. ನೆಲ ಒಣಗಿ ಬಿರುಕು ಬಿಡುತ್ತದೆ. ಆಗ ಉಳುಮೆ. ಮಳೆಗಾಲದ ಮೊದಲ ನಾಲ್ಕು ಮಳೆ ಬಿದ್ದಾಗ ಮಣ್ಣಿನ ಉಪ್ಪು ಕರಗುತ್ತದೆ. ಇಳಿತದ ಹೊತ್ತು ನೋಡಿ ಬಾಗಿಲು ಎತ್ತಿ ಆ ನೀರನ್ನು ಹೊರಗೆ ಬಿಡಬೇಕು, ಭರತಿ ಏರುವ ಮೊದಲು ಮತ್ತೆ ಇಳಿಸಬೇಕು. ಹೊತ್ತು ತಪ್ಪಿದರೆ ತೊಳೆದ ಉಪ್ಪು ಪುನಃ ಒಳಗೆ. ಹದ ಬಂದ ಮೇಲೆ ಮೊಳಕೆ ಬರಿಸಿದ ಬೀಜ ಹಾಕುವುದು. ಆಮೇಲೆ ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ತಂದ ಗೋಡು (ಮೆಕ್ಕಲು) ಮಣ್ಣೇ ಗೊಬ್ಬರ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ಯುತ್ತೇವೆ, ಹುಲ್ಲು ಅಲ್ಲೇ ನಿಲ್ಲುತ್ತದೆ. ಮತ್ತೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಆ ಹುಲ್ಲು ಕೊಳೆತು ಶೆಟ್ಲಿ (ಸಿಗಡಿ), ಮೀನು, ಏಡಿಗೆ ಮೇವಾಗುತ್ತದೆ. ಅವುಗಳ ಹೇಲು ಮುಂದಿನ ಬೆಳೆಗೆ ಸಾರ. ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಇಷ್ಟು ಹದವಾದ ಬೇಸಾಯವನ್ನು ಯಾವ ಪುಸ್ತಕ ನೋಡಿಯೂ ನಮ್ಮ ಹಿರಿಯರು ಕಲಿತದ್ದಲ್ಲ, ಭರತಿ-ಇಳಿತ ನೋಡಿ ಕಲಿತದ್ದು.

ಇಷ್ಟೆಲ್ಲ ನಿಂತಿರುವುದು ಒಂದು ಕಟ್ಟೆಯ ಮೇಲೆ. ಕಟ್ಟೆ ಒಡೆದರೆ ಒಬ್ಬರ ಗದ್ದೆ ಮಾತ್ರ ಹೋಗುವುದಿಲ್ಲ. ಗಜನಿಯ ಒಳಗೆ ಬದುಗಳು ಲೆಕ್ಕಕ್ಕಿಲ್ಲ, ನೀರು ಎಲ್ಲರಿಗೂ ಒಂದೇ. ನಮ್ಮ ಕಟ್ಟೆಗೆ ಮೊದಲು ಏಡಿ ತೂತು ಕೊರೆಯಿತು, ಆ ತೂತಿನಲ್ಲಿ ನೀರು ಜಿನುಗಿತು. ಅದೇ ವರ್ಷದ ಮಳೆಗಾಲದಲ್ಲಿ ಮೇಲಿಂದ ನೆರೆ, ಕೆಳಗಿಂದ ಅಮಾವಾಸ್ಯೆ ಭರತಿ ಒಟ್ಟಿಗೆ ಬಂದು ಒಂದು ಕಡೆ ಕಿತ್ತುಕೊಂಡು ಹೋಯಿತು. ಬಾಗಿಲಿನ ಹಲಗೆಗಳು ಮೊದಲೇ ಕೊಳೆತು ಕುಂಬಾಗಿದ್ದವು. ಈಗ ಉಪ್ಪುನೀರು ಹೊತ್ತು ಗೊತ್ತಿಲ್ಲದೆ ಒಳಗೆ ಬರುತ್ತಿದೆ. ಕಟ್ಟೆಯ ಹತ್ತಿರದ ಬಾವಿಗಳ ನೀರು ಬಾಯಿಗೆ ಹಾಕುವಂತಿಲ್ಲ. ಅಂಚಿನ ತೆಂಗಿನ ಮರಗಳ ಸುಳಿ ಬಾಡುತ್ತಿದೆ. ಕುಡಿಯುವ ನೀರಿಗೆ ಹೆಂಗಸರು ಮೇಲಿನ ಕೇರಿಗೆ ನಡೆಯುತ್ತಿದ್ದಾರೆ.

ನಮ್ಮದೂ ತಪ್ಪಿದೆ, ಅದನ್ನು ಮುಚ್ಚಿಟ್ಟು ದೇಣಿಗೆ ಕೇಳುವುದು ಸರಿಯಲ್ಲ. ಕರಾವಳಿಯಲ್ಲೆಲ್ಲ 1990ರ ದಶಕದಲ್ಲಿ ಸಿಗಡಿ ಕೃಷಿಯ ಆಸೆ ಹಬ್ಬಿತು. ಗಜನಿಯನ್ನು ಸಿಗಡಿಗೆ ಗೇಣಿ ಕೊಟ್ಟರೆ ಬೆವರಿಲ್ಲದೆ ಹಣ ಬರುತ್ತದೆ ಎಂದು ನಾವೂ ನಂಬಿದೆವು. ಬಿಳಿಚುಕ್ಕಿ ರೋಗ ಬಂದು ಸಿಗಡಿ ಸತ್ತಿತು, ಆದರೆ ಗದ್ದೆ ಮರೆಯುವ ಅಭ್ಯಾಸ ಉಳಿಯಿತು. ಆಳು ಸಿಗುವುದಿಲ್ಲ, ಹಕ್ಕಿ ಕಾಯುವವರಿಲ್ಲ, ಹುಡುಗರು ಊರಲ್ಲಿಲ್ಲ ಎಂದು ಒಬ್ಬೊಬ್ಬರೇ ಬಿಟ್ಟರು. ವರ್ಷವರ್ಷ ಎಲ್ಲರೂ ಸೇರಿ ಕಟ್ಟೆಗೆ ಮಣ್ಣು ಹಾಕುವ ಪದ್ಧತಿಯೂ ನಿಂತಿತು. ಬೇಸಾಯ ನಿಂತ ಮೇಲೆ ಕಟ್ಟೆ ಯಾರಿಗೆ ಬೇಕು, ಅಲ್ವಾ?

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ, ರಾಮ್ಸಾರ್ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರ್ ಜಾಗ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಸೇರಿತು. ನಮಗೆಲ್ಲ ಬಹಳ ಸಂತೋಷವಾಯಿತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬೆಳಚು ಚಿಪ್ಪು, ನೊಗಲಿ ಮೀನು, ವಲಸೆ ಹಕ್ಕಿ ಎಲ್ಲದಕ್ಕೂ ಈಗ ಒಂದು ಹೆಸರಿದೆ. ಆದರೆ ಈ ಅಳಿವೆಯನ್ನು ನೂರಾರು ವರ್ಷ ನೋಡಿಕೊಂಡವರಲ್ಲಿ ಗಜನಿಯ ಒಕ್ಕಲುಗಳೂ ಇದ್ದಾರೆ. ಕಟ್ಟೆಗೆ ಬುಟ್ಟಿಯಲ್ಲಿ ಮಣ್ಣು ಹೊತ್ತವರು ಅವರು. ಆ ಕೆಲಸವನ್ನು ಇನ್ನೊಬ್ಬರು ಬಂದು ಮಾಡಲಿ ಎಂದು ಕಾಯುವುದು ನಮಗೆ ಸರಿ ಕಾಣುವುದಿಲ್ಲ.

ಕಾಯಲು ಸಮಯವೂ ಇಲ್ಲ. ಕಟ್ಟೆ ಒಡೆದರೆ ಹತ್ತು ವರ್ಷದ ಮೇಲೂ ಕಟ್ಟಬಹುದು. ಬೀಜ ಹಾಗಲ್ಲ. ಒಣಹುಲ್ಲಿನ ಮೂಡೆ ಕಟ್ಟಿ ಅಟ್ಟದಲ್ಲಿಟ್ಟ ಭತ್ತ ವರ್ಷ ಕಳೆದ ಹಾಗೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಬಿತ್ತುತ್ತಲೇ ಇರಬೇಕು. ನಮ್ಮೂರಲ್ಲಿ ಕಗ್ಗದ ಬೀಜ ಈಗ ಉಳಿದಿರುವುದು ಕೆಲವೇ ಮನೆಗಳಲ್ಲಿ. ಉಪ್ಪುನೀರು ತಲುಪದ ಮೂಲೆಯ ತುಂಡು ಗದ್ದೆಯಲ್ಲಿ ಬೀಜಕ್ಕಾಗಿಯೇ ಬಿತ್ತಿ ಅವರು ಕಾಪಾಡಿಕೊಂಡು ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಅವರ ಕೈಯಿಂದ ಬೀಜ ಪಡೆದು ಇಡೀ ಗಜನಿಗೆ ಬಿತ್ತಬೇಕು, ಅವರು ನೋಡುತ್ತಿರುವಾಗಲೇ.

ಮಾಡಬೇಕಾದ ಕೆಲಸ ಇಷ್ಟು. ಕಿತ್ತುಹೋದ ಜಾಗವನ್ನು ಹೊಳೆಯ ಜೇಡಿಮಣ್ಣಿನಿಂದ ತುಂಬಿ, ಹೊಳೆಯ ಬದಿಗೆ ಚಿರೆಕಲ್ಲು ಕಟ್ಟುವುದು. ಬಾಗಿಲಿಗೆ ಹೊಸ ಹಲಗೆ ಹಾಕುವುದು. ಹಿಂದೊಮ್ಮೆ ಗುತ್ತಿಗೆಗೆ ಕೊಟ್ಟು ಮಾಡಿಸಿದ ಕೆಲಸ ಎರಡು ಮಳೆಗಾಲ ತಡೆಯಲಿಲ್ಲ. ಹಾಗಾಗಿ ಈ ಸಲ ಭರತಿ-ಇಳಿತ ಬಲ್ಲ ನಮ್ಮೂರ ಹಿರಿಯರೇ ನಿಂತು ಮಾಡಿಸುತ್ತಾರೆ. ಕಟ್ಟೆಯ ಹೊರಬದಿಗೆ ಕಾಂಡ್ಲಾ ನೆಡುತ್ತೇವೆ, ಅದರ ಬೇರು ಅಲೆಯ ಹೊಡೆತ ತಡೆಯುತ್ತದೆ. ಹಣ ಉಳಿದರೆ ಬೀಜದ ಭತ್ತ ಇಡಲು ದೇವಸ್ಥಾನದ ಹಿಂದೆ ಒಂದು ಕಣಜ.

ಎಷ್ಟು ಕೊಡಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ: ಒಂದು ಆಳಿನ ಒಂದು ದಿನದ ಕೂಲಿ ಕೊಡಿ. ಆಗದಿದ್ದರೆ ಐವರು ಸೇರಿ ಒಂದು ಕೂಲಿ ಕೊಡಿ. ಅನುಕೂಲ ಇದ್ದವರು ಒಂದು ಲೋಡು ಚಿರೆಕಲ್ಲು, ಇಲ್ಲವೇ ಬಾಗಿಲಿಗೆ ಒಂದು ಹಲಗೆ ಎಂದು ವಹಿಸಿಕೊಳ್ಳಬಹುದು. ಮದುವೆ, ಗೃಹಪ್ರವೇಶ, ಹಿರಿಯರ ಪುಣ್ಯತಿಥಿಯ ನೆನಪಿಗೆ ಕೊಟ್ಟರೆ ಆ ಹೆಸರಿನಲ್ಲೇ ರಸೀದಿ ಬರೆಯುತ್ತೇವೆ. ಕಟ್ಟೆಯ ಮೇಲೆ ಮಾತ್ರ ಯಾರ ಹೆಸರಿನ ಕಲ್ಲೂ ಹಾಕುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಹಣವನ್ನು ದೇವಸ್ಥಾನದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ದೂರದಲ್ಲಿರುವವರು ಸಮಿತಿಯವರನ್ನು ಕೇಳಿ ದೇವಸ್ಥಾನದ ಬ್ಯಾಂಕ್ ಖಾತೆಗೇ ಹಾಕಬೇಕು. ಯಾರ ಸ್ವಂತ ಖಾತೆಗೂ, ಯಾರ ಮೊಬೈಲಿಗೂ ಹಾಕಬೇಡಿ. ಬಂದ ಹಣ, ಆದ ಖರ್ಚು ಎರಡನ್ನೂ ಪ್ರತಿ ವಾರ ದೇವಸ್ಥಾನದ ಬಾಗಿಲ ಬಳಿಯ ಹಲಗೆಯಲ್ಲಿ ಬರೆದು ಹಾಕುತ್ತೇವೆ. ಅದರ ಫೋಟೋ ಊರಿನ ವಾಟ್ಸಾಪ್ ಗುಂಪಿಗೂ ಬರುತ್ತದೆ. ತಪ್ಪು ಕಂಡರೆ ಕೇಳಿ, ಕೇಳುವುದು ನಿಮ್ಮ ಹಕ್ಕು.

ಸುಗ್ಗಿ ಹುಣ್ಣಿಮೆ ಕಳೆದು ಬರುವ ಅಷ್ಟಮಿಗೆ ಕೆಲಸ ಶುರು. ಅಷ್ಟಮಿಯ ಆಸುಪಾಸು ಭರತಿಯ ಜೋರು ಕಡಿಮೆ, ಹಾಕಿದ ಮಣ್ಣು ನಿಲ್ಲುತ್ತದೆ. ಮುಂದಿನ ಅಮಾವಾಸ್ಯೆಯ ಒಳಗೆ ಒಡೆದ ಜಾಗ ಮುಚ್ಚಿರಬೇಕು. ಊರಿಗೆ ಬರಲು ಆಗುವವರು ಆ ವಾರ ರಜೆ ಹಾಕಿ ಬನ್ನಿ. ಗುದ್ದಲಿ, ಬುಟ್ಟಿ ಇಲ್ಲಿವೆ. ಮಧ್ಯಾಹ್ನದ ಊಟ ದೇವಸ್ಥಾನದಲ್ಲಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಬೀಜ ಉಳಿಸಿಕೊಂಡವರ ಮನೆಯ ಅಟ್ಟದಲ್ಲಿರುವ ಮೂಡೆಗಳನ್ನು ಅವರು ನೋಡಲಿ.