ಸಂಬಳದವರ ಪ್ರೇಮಕಥೆಗಳು

ಸದಸ್ಯ ಮಿತ್ರರೆ,

ಈ ಸಲದ ಚಳಿಗಾಲದ ಸಿನಿಮಾ ಸಂಜೆಗೆ ನಮ್ಮ ಸಮಿತಿ ಎರಡು ಹಳೆಯ ಹಾಲಿವುಡ್ ಚಿತ್ರಗಳನ್ನು ಆರಿಸಿದೆ. ಎರಡೂ ಕಪ್ಪು ಬಿಳುಪಿನವು. ಒಂದು 1940ರ 'ದಿ ಶಾಪ್ ಅರೌಂಡ್ ದಿ ಕಾರ್ನರ್', ಇನ್ನೊಂದು 1960ರ 'ದಿ ಅಪಾರ್ಟ್‌ಮೆಂಟ್'. ಕನ್ನಡ ಸಂಘದಲ್ಲಿ ಇಂಗ್ಲಿಷ್ ಸಿನಿಮಾ ಯಾಕೆ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಇವೇ ಆಗಬೇಕೆಂದು ಸಮಿತಿಯಲ್ಲಿ ಹಟ ಹಿಡಿದದ್ದು ನಾನೇ ಆದ್ದರಿಂದ ಉತ್ತರ ಕೊಡುವ ಹೊಣೆಯೂ ನನ್ನದೇ.

ಆ ಕಾಲದ ಹಾಲಿವುಡ್ ಪ್ರೇಮಚಿತ್ರ ಎಂದ ಕೂಡಲೇ ಮನಸ್ಸಿಗೆ ಬರುವುದು ಅರಮನೆಯಿಂದ ತಪ್ಪಿಸಿಕೊಂಡ ರಾಜಕುಮಾರಿ, ಹಡಗಿನಲ್ಲಿ ಭೇಟಿಯಾದ ಸಿರಿವಂತರು, ಚಂದದ ಉಡುಪು. 'ರೋಮನ್ ಹಾಲಿಡೇ' ನನಗೂ ಬಹಳ ಇಷ್ಟ. ಆದರೆ ನಾವು ತೋರಿಸಲಿರುವ ಎರಡು ಚಿತ್ರಗಳಲ್ಲಿ ಪ್ರೀತಿಸುವವರು ಸಂಬಳದ ಜನ. ಧಣಿಗೆ ಸಿಟ್ಟು ಬಂದರೆ ಮುಂದೇನು ಗತಿ ಎಂಬ ಅಂಜಿಕೆ ಅವರ ಜೊತೆಯಲ್ಲೇ ಬೆಳಗ್ಗೆ ಕೆಲಸಕ್ಕೆ ಬರುತ್ತದೆ, ಸಂಜೆ ಮನೆಗೂ ಹೋಗುತ್ತದೆ. ಆ ಅಂಜಿಕೆಯನ್ನು ಮರೆಮಾಚದೆ ಪ್ರೇಮಕಥೆ ಹೇಳಿದ್ದರಿಂದಲೇ ಇವು ಹಾಲಿವುಡ್ಡಿನ ಅತ್ಯಂತ ನಿಜವಾದ ಪ್ರೇಮಚಿತ್ರಗಳು ಎಂದು ನಾನು ನಂಬಿದ್ದೇನೆ.

ಮೊದಲನೆಯದರ ಕಥೆ ನಡೆಯುವುದು ಬುಡಾಪೆಸ್ಟಿನಲ್ಲಿ, ಮಾಟುಶೆಕ್ ಎಂಬುವರ ಚರ್ಮದ ಸಾಮಾನಿನ ಅಂಗಡಿಯಲ್ಲಿ. ಹಂಗೇರಿಯ ಮಿಕ್ಲೋಶ್ ಲಾಸ್ಲೋ ಅವರ ನಾಟಕದಿಂದ ತೆಗೆದುಕೊಂಡದ್ದು. ಅಂಗಡಿಯ ಹಿರಿಯ ನೌಕರ ಕ್ರಾಲಿಕ್ ಮತ್ತು ಹೊಸದಾಗಿ ಸೇರಿದ ಕ್ಲಾರಾ ಇಬ್ಬರಿಗೂ ಎಣ್ಣೆ-ಸೀಗೇಕಾಯಿ. ಇಬ್ಬರೂ ಹೆಸರು ಗೊತ್ತಿಲ್ಲದ ಯಾರಿಗೋ ಪ್ರೇಮಪತ್ರ ಬರೆಯುತ್ತಿದ್ದಾರೆ, ಆ 'ಯಾರೋ' ಇವರಿಬ್ಬರೇ. ಕಥೆಯ ಗುಟ್ಟು ಇಷ್ಟೇ, ಇದನ್ನು ಮೊದಲೇ ಹೇಳಿದರೂ ನಷ್ಟವಿಲ್ಲ.

ನನ್ನ ಕಣ್ಣು ಹೋಗುವುದು ಪಿರೋವಿಚ್ ಎಂಬ ಇನ್ನೊಬ್ಬ ನೌಕರನ ಮೇಲೆ. ಹೆಂಡತಿ ಮಕ್ಕಳಿರುವ ಸಾಧು ಮನುಷ್ಯ. ಧಣಿ ಯಾವುದಾದರೂ ಸಾಮಾನು ಹಿಡಿದು "ನಿಮ್ಮ ಪ್ರಾಮಾಣಿಕ ಅಭಿಪ್ರಾಯ ಹೇಳಿ" ಎಂದು ಬಾಯಿ ತೆರೆದರೆ ಸಾಕು, ಈತ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಮಾಯವಾಗುತ್ತಾನೆ. ಥಿಯೇಟರಿನಲ್ಲಿ ಎಲ್ಲರೂ ನಗುತ್ತಾರೆ. ನಗುತ್ತಲೇ, ಮನೆಯಲ್ಲಿ ತನ್ನನ್ನು ನಂಬಿದವರಿರುವ ಯಾವ ನೌಕರ ಧಣಿಗೆ ಮುಖ ಕೊಟ್ಟು ನಿಜ ಹೇಳಿಯಾನು ಎಂಬುದೂ ಹೊಳೆಯುತ್ತದೆ. ಮದುವೆಯ ಯೋಚನೆಯಲ್ಲಿರುವ ಕ್ರಾಲಿಕ್ ಸಲಹೆ ಕೇಳುವುದೂ ಇವನನ್ನೇ: ಗಂಡ ಹೆಂಡತಿ ಇಬ್ಬರಿಗೆ ತಿಂಗಳಿಗೆ ಎಷ್ಟು ಬೇಕಾಗುತ್ತದೆ, ಎಷ್ಟು ಕೋಣೆಯ ಮನೆ ಸಾಕು, ಊಟದ ಕೋಣೆ ಇಲ್ಲದಿದ್ದರೆ ನೆಂಟರು ಬಂದಾಗ ಏನು ಮಾಡುವುದು? ಅಡುಗೆಮನೆ ದೊಡ್ಡದಿದ್ದರೆ ಸಾಕು, ನಿಜವಾದ ಸ್ನೇಹಿತ ಊಟ ಆದಮೇಲೆ ಬರುತ್ತಾನೆ ಎಂಬ ಧಾಟಿಯಲ್ಲಿ ಪಿರೋವಿಚ್ ಸಮಾಧಾನ ಹೇಳುತ್ತಾನೆ. ಪ್ರೇಮಕಥೆಯ ನಾಯಕ ಮನೆ ಬಾಡಿಗೆಯ ಲೆಕ್ಕ ಹಾಕುವುದನ್ನು ಇಷ್ಟು ಅಕ್ಕರೆಯಿಂದ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ.

ನಿರ್ದೇಶಕ ಎರ್ನ್‌ಸ್ಟ್ ಲುಬಿಚ್ ಬರ್ಲಿನ್ನಿನವರು. ತಂದೆ ಹೆಂಗಸರ ಉಡುಪು ಹೊಲಿಸುವ ಅಂಗಡಿ ಇಟ್ಟಿದ್ದರು, ಮಗ ಹರೆಯದಲ್ಲಿ ಅಲ್ಲೇ ಲೆಕ್ಕ ಬರೆಯುತ್ತಿದ್ದ. ಗಿರಾಕಿ ಬಂದಾಗ ಹೇಗೆ ನಿಲ್ಲಬೇಕು, ಧಣಿ ಬಂದಾಗ ಹೇಗೆ ನಿಲ್ಲಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಿರೋವಿಚ್ ಪಾತ್ರ ಮಾಡಿದ ಫೆಲಿಕ್ಸ್ ಬ್ರೆಸಾರ್ಟ್ ಹಿಟ್ಲರ್ ಅಧಿಕಾರಕ್ಕೆ ಬಂದಮೇಲೆ ಜರ್ಮನಿ ಬಿಟ್ಟ ಯಹೂದಿ ನಟ. ಚಿತ್ರ ಬಿಡುಗಡೆಯಾದ ಹೊತ್ತಿಗೆ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ತೆರೆಯ ಮೇಲೆ ಅದರ ಸುಳಿವೂ ಇಲ್ಲ, ಆ ಬುಡಾಪೆಸ್ಟ್ ಹಾಲಿವುಡ್ ಸ್ಟುಡಿಯೋದಲ್ಲಿ ಕಟ್ಟಿದ್ದು.

ಒಂದು ದೃಶ್ಯವನ್ನಂತೂ ತಪ್ಪಿಸಿಕೊಳ್ಳಬೇಡಿ. ಕಾಗದ ಬರುವುದು ನಿಂತಿದೆ. ಕ್ಯಾಮೆರಾ ಅಂಚೆಪೆಟ್ಟಿಗೆಗಳ ಒಳಬದಿಯಲ್ಲಿದೆ. 237ನೇ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ, ಕೈಗವುಸು ತೊಟ್ಟ ಕೈಯೊಂದು ಒಳಗೆ ಬಂದು ತಡಕಾಡುತ್ತದೆ. ಏನೂ ಇಲ್ಲ. ಕೈ ಹೊರಗೆ ಹೋದಮೇಲೆ ಆ ಸಣ್ಣ ಕಿಂಡಿಯಲ್ಲಿ ಕ್ಲಾರಾಳ ಮುಖ ಕಾಣುತ್ತದೆ. ಮಾರ್ಗರೆಟ್ ಸುಲ್ಲವನ್ ಅಲ್ಲಿ ಒಂದು ಮಾತೂ ಆಡುವುದಿಲ್ಲ.

ಇದೇ ಕಥೆಯನ್ನು 1998ರಲ್ಲಿ 'ಯು ಹ್ಯಾವ್ ಗಾಟ್ ಮೇಲ್' ಎಂದು ಇಮೇಲ್ ಕಾಲಕ್ಕೆ ಹೊಂದಿಸಿದರು. ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಆದರೆ ಅಲ್ಲಿ ನಾಯಕ ದೊಡ್ಡ ಪುಸ್ತಕ ಮಳಿಗೆಗಳ ಮಾಲೀಕರ ಮನೆಯವನು, ನಾಯಕಿಗೂ ಸ್ವಂತ ಅಂಗಡಿಯಿದೆ. ಇಬ್ಬರಿಗೂ ಮೇಲೊಬ್ಬ ಧಣಿ ಇಲ್ಲ. ಕಥೆಯ ಜೀವವೇ ಅಲ್ಲಿ ಕಳೆದುಹೋಯಿತು ಎನ್ನುವುದು ನನ್ನ ಅಭಿಪ್ರಾಯ.

ಇನ್ನು 'ದಿ ಅಪಾರ್ಟ್‌ಮೆಂಟ್'. ಬಿಲ್ಲಿ ವೈಲ್ಡರ್ ನಿರ್ದೇಶನ. ನಾಯಕ ಬ್ಯಾಕ್ಸ್‌ಟರ್ ಶುರುವಿನಲ್ಲೇ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ: ನ್ಯೂಯಾರ್ಕಿನ ವಿಮಾ ಕಂಪನಿ, ಒಟ್ಟು 31,259 ನೌಕರರು, 19ನೇ ಮಹಡಿ, ಮೇಜಿನ ಸಂಖ್ಯೆ 861, ಕೈಗೆ ಬರುವ ಸಂಬಳ ವಾರಕ್ಕೆ 94 ಡಾಲರ್ 70 ಸೆಂಟ್. ಮನುಷ್ಯನ ಹೆಸರಿಗಿಂತ ಅಂಕಿಗಳೇ ಹೆಚ್ಚು. ಆ ಆಫೀಸಿನ ಹಾಲ್ ನೋಡಿದವರು ಮರೆಯಲಾರರು. ಮೇಜುಗಳ ಸಾಲು ಕಣ್ಣು ಹಾಯುವವರೆಗೂ ಹೋಗುತ್ತದೆ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದೆ ಹೋದಂತೆ ಮೇಜುಗಳನ್ನು ಚಿಕ್ಕದಾಗಿಸಿ, ಅವುಗಳ ಮುಂದೆ ಕುಳ್ಳಗಿರುವವರನ್ನು ಕೂರಿಸಿ ಆ ಭ್ರಮೆ ಹುಟ್ಟಿಸಿದರು. ಅದಕ್ಕೆ ಅವರಿಗೆ ಆಸ್ಕರ್ ಬಂತು. ಟ್ರೌನರ್ ಹುಟ್ಟಿದ್ದು ಬುಡಾಪೆಸ್ಟಿನಲ್ಲಿ, ನಿಜವಾದ ಬುಡಾಪೆಸ್ಟಿನಲ್ಲಿ.

ಬಡ್ತಿಯ ಆಸೆಗೆ ಬ್ಯಾಕ್ಸ್‌ಟರ್ ತನ್ನ ಮನೆಯ ಬೀಗದ ಕೈಯನ್ನು ಮೇಲಧಿಕಾರಿಗಳಿಗೆ ಕೊಡುತ್ತಾನೆ. ಅವರು ಹೆಂಡತಿಯರ ಕಣ್ಣು ತಪ್ಪಿಸಿ ಅಲ್ಲಿಗೆ ಬಂದು ಹೋಗುತ್ತಾರೆ. ಇವನು ಚಳಿಯಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತು ನೆಗಡಿ ಹಿಡಿಸಿಕೊಳ್ಳುತ್ತಾನೆ. ಇಂಥ ವಿಷಯ ತೆರೆಗೆ ತರುವುದು ಆಗ ಸುಲಭವಿರಲಿಲ್ಲ. ಏನು ತೋರಿಸಬಹುದು, ಏನು ಕೂಡದು ಎಂಬ ನಿಯಮಾವಳಿಯನ್ನು ಹಾಲಿವುಡ್ 1934ರಿಂದ ಬಿಗಿಯಾಗಿ ಪಾಲಿಸುತ್ತಿತ್ತು, ಅದು ಪೂರ್ತಿ ಹೋಗಿದ್ದು 1968ರಲ್ಲಿ. ಹಾಗಾಗಿ ವೈಲ್ಡರ್ ಹೇಳಬೇಕಾದದ್ದನ್ನೆಲ್ಲ ಒಂದು ಪುಟ್ಟ ಕನ್ನಡಿಯ ಕೈಗೆ ಒಪ್ಪಿಸಿದರು. ಆಫೀಸಿನ ಕ್ರಿಸ್‌ಮಸ್ ಪಾರ್ಟಿಯ ದಿನ ಬ್ಯಾಕ್ಸ್‌ಟರ್ ಹೊಸ ಹ್ಯಾಟ್ ಹಾಕಿಕೊಂಡು ಹೇಗಿದೆ ಎಂದು ಕೇಳುತ್ತಾನೆ. ಲಿಫ್ಟ್ ನಡೆಸುವ ಫ್ರಾನ್, ಅವನು ಮನಸ್ಸಿನಲ್ಲೇ ಮೆಚ್ಚಿದ ಹುಡುಗಿ, ತನ್ನ ಪೌಡರ್ ಡಬ್ಬಿಯ ಕನ್ನಡಿ ಕೊಡುತ್ತಾಳೆ. ಕನ್ನಡಿ ಬಿರುಕು ಬಿಟ್ಟಿದೆ. ಅದೇ ಡಬ್ಬಿ ಅವನಿಗೆ ತನ್ನ ಮನೆಯಲ್ಲೇ ಸಿಕ್ಕಿತ್ತು, ಅದನ್ನು ಅವನು ದೊಡ್ಡ ಸಾಹೇಬನಿಗೆ ಹಿಂತಿರುಗಿಸಿದ್ದ. ಬ್ಯಾಕ್ಸ್‌ಟರ್ ಪಾತ್ರ ಮಾಡಿದ ಜ್ಯಾಕ್ ಲೆಮನ್ನರ ಮುಖ ಕನ್ನಡಿಯಲ್ಲಿ ಎರಡು ಹೋಳಾಗಿ ಕಾಣುತ್ತದೆ, ಯಾರೂ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಎರಡೂ ಹಾಸ್ಯಚಿತ್ರಗಳೇ. ಎರಡರಲ್ಲೂ ಕ್ರಿಸ್‌ಮಸ್ ಇದೆ, ಎರಡರಲ್ಲೂ ಒಬ್ಬರು ಸಾಯಲು ಹೊರಡುತ್ತಾರೆ. ಮೊದಲನೆಯದರಲ್ಲಿ ಧಣಿ ಮಾಟುಶೆಕ್, ಎರಡನೆಯದರಲ್ಲಿ ಫ್ರಾನ್. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ವೈಲ್ಡರ್ ಲುಬಿಚ್ ಅವರಿಗಾಗಿ ಚಿತ್ರಕಥೆ ಬರೆದು ಬೆಳೆದವರು. 'ಲುಬಿಚ್ ಆಗಿದ್ದರೆ ಇದನ್ನು ಹೇಗೆ ಮಾಡುತ್ತಿದ್ದರು?' ಎಂಬ ಫಲಕವನ್ನು ತಮ್ಮ ಕಚೇರಿಯ ಗೋಡೆಗೆ ತೂಗುಹಾಕಿಕೊಂಡಿದ್ದರು. 1933ರಲ್ಲಿ ಬರ್ಲಿನ್ ಬಿಟ್ಟು ಬಂದಾಗ ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ತಾಯಿ ನಾಜಿಗಳ ಕೈಯಲ್ಲಿ ತೀರಿಹೋದರು. ನಗಿಸುವ ಕಥೆಯೊಳಗೆ ಸಾವನ್ನು ತಂದು ಕೂರಿಸಲು ಇವರಿಗೆ ಹೆದರಿಕೆಯಿರಲಿಲ್ಲ.

ಆದರೆ ಗುರು ಶಿಷ್ಯರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಲುಬಿಚ್ ತಮ್ಮ ನಾಯಕನಿಗೆ ಕಳೆದುಕೊಂಡ ಕೆಲಸವನ್ನು ಮ್ಯಾನೇಜರ್ ಹುದ್ದೆಯಾಗಿ ಮರಳಿಸಿ, ಆಮೇಲೆ ಹುಡುಗಿಯನ್ನು ಕೊಡುತ್ತಾರೆ. ವೈಲ್ಡರ್ ಮೊದಲು ಬಡ್ತಿ ಕೊಡುತ್ತಾರೆ, ಫ್ರಾನ್ ಸಿಗಬೇಕಾದರೆ ಅದನ್ನು ಬಿಟ್ಟೇ ಬರಬೇಕು. ಹೊಸ ವರ್ಷದ ರಾತ್ರಿ ಬ್ಯಾಕ್ಸ್‌ಟರ್ ಕೈಯಲ್ಲಿ ಕೆಲಸವಿಲ್ಲ, ಸಾಮಾನು ಕಟ್ಟಿಟ್ಟಿದ್ದಾನೆ. ಇಬ್ಬರೂ ಕೂತು ಇಸ್ಪೀಟು ಆಡುತ್ತಾರೆ. ಮುತ್ತಿಲ್ಲ, ಮದುವೆಯ ಮಾತಿಲ್ಲ.

ಈ ಎರಡನ್ನೇ ಆರಿಸಿದ್ದಕ್ಕೆ ಕಾರಣ ಈಗ ನಿಮಗೆ ತಿಳಿದಿರಬಹುದು. ನಮ್ಮ ಸಂಘದ ಮನೆಗಳಲ್ಲಿ ಕೆಲಸದ ಮಾತು ಬಂದರೆ ದನಿ ತಗ್ಗುತ್ತದೆ. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲಿರುವವರು ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು. ಮೀಟಿಂಗಿನಲ್ಲಿ ಮ್ಯಾನೇಜರ್ ಅಭಿಪ್ರಾಯ ಕೇಳಿದಾಗ ಪಿರೋವಿಚ್‌ನಂತೆ ಮೆಟ್ಟಿಲು ಹತ್ತಬೇಕೆನ್ನಿಸದವರು ನಮ್ಮಲ್ಲಿ ಎಷ್ಟು ಮಂದಿ? ರಾಜಕುಮಾರಿಯ ಕಥೆಗಿಂತ ಈ ನೌಕರರ ಕಥೆ ನಮಗೆ ಹತ್ತಿರದ್ದು.

ಮೊದಲ ಚಿತ್ರಕ್ಕೆ ಮಕ್ಕಳನ್ನೂ ಕರೆತನ್ನಿ, ಧಣಿಯ ಒಂದು ದೃಶ್ಯ ಬಿಟ್ಟರೆ ಅವರಿಗೆ ತೊಡಕಿಲ್ಲ. 'ದಿ ಅಪಾರ್ಟ್‌ಮೆಂಟ್' ಹೈಸ್ಕೂಲು ದಾಟದವರಿಗೆ ಬೇಡ, ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅವರಿಗೆ ಅಂತ್ಯಾಕ್ಷರಿ ಇಟ್ಟುಕೊಂಡಿದ್ದೇವೆ. ನಡುವೆ ಬಿಸಿಬೇಳೆಬಾತ್, ಮೊಸರನ್ನ. ಇನ್ನು ಹಿರಿಯರಲ್ಲಿ ಒಂದು ಕೋರಿಕೆ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾದಲ್ಲಿ, ಈಗ ಮೆಟ್ರೋ ನಿಲ್ದಾಣ ಇರುವ ಜಾಗದಲ್ಲಿ, ಇಂಥ ಚಿತ್ರಗಳನ್ನು ನೋಡಿದ ನೆನಪು ನಿಮಗಿದ್ದರೆ ದಯವಿಟ್ಟು ಬರೆದು ಕಳಿಸಿ. ಯಾವ ಚಿತ್ರ, ಯಾರ ಜೊತೆ ಹೋಗಿದ್ದಿರಿ, ಟಿಕೆಟ್ಟಿಗೆ ಎಷ್ಟು ಕೊಟ್ಟಿದ್ದಿರಿ, ಎಲ್ಲವನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಎರಡು ಪುಟ ಮೀಸಲಿಟ್ಟಿದ್ದೇನೆ.