ಗಂಗೊಳ್ಳಿ ಮನೆಯ ಕರಾರಿಗೆ ಸಹಿ ಹಾಕಬೇಡಿ

ಲಿಸ್ಬನ್

ಪ್ರೀತಿಯ ಅಪ್ಪಯ್ಯ, ಅಮ್ಮ,

ನಮಸ್ಕಾರಗಳು. ನಾನು ಕ್ಷೇಮ. ಮನೆಯ ಮಾತು ಎತ್ತಿದ ಕೂಡಲೇ ಅಪ್ಪಯ್ಯ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಈ ಪತ್ರ. ಗಂಗೊಳ್ಳಿಯ ಮನೆಯನ್ನು ರೆಸಾರ್ಟಿನವರು ಕೇಳುತ್ತಿದ್ದಾರೆ, ದೊಡ್ಡಪ್ಪ ಆಗಲೇ ಒಪ್ಪಿದ್ದಾರೆ ಎಂದು ಸುಮಾ ಬರೆದಿದ್ದಾಳೆ. ಅವಳ ಮದುವೆಗೆ ಹಣ ಬೇಕು, ನಿಜ. ಆದರೆ ಅದಕ್ಕೆ ನಾನಿಲ್ಲವೇ?

ಕಳೆದ ರಜೆಯಲ್ಲಿ ರೈಲು ಹತ್ತಿ ಲಿಸ್ಬನ್ನಿನ ಹತ್ತಿರದ ಕಡಲತಡಿಯ ಊರು ಕಾಶ್ಕಾಯಿಶ್‌ಗೆ ಹೋಗಿದ್ದೆ. ದಾರಿಯುದ್ದಕ್ಕೂ ಕಿಟಕಿಯಲ್ಲಿ ನೀರೇ. ಅಲ್ಲಿ ಸಮುದ್ರದ ಕೊರಕಲಿಗೆ ಅಂಟಿಕೊಂಡಂತೆ ಗೋಪುರವಿರುವ ಬಂಗಲೆಯೊಂದಿದೆ. ಉಬ್ಬರದ ಹೊತ್ತಿನಲ್ಲಿ ಅಲೆ ಗೋಡೆಯ ಬುಡಕ್ಕೇ ಬರುತ್ತದೆ. ನಮ್ಮ ಮನೆಗೆ ಕಡಲಕೊರೆತದ ಭಯ ಹುಟ್ಟಿಸುತ್ತಿರುವ ಆ ದಲ್ಲಾಳಿಯನ್ನು ಒಮ್ಮೆ ಇಲ್ಲಿ ತಂದು ನಿಲ್ಲಿಸಬೇಕು. ಆ ಬಂಗಲೆ 1900ರ ಹೊತ್ತಿಗೆ ಜಾರ್ಜ್ ಓನೀಲ್ ಎಂಬ ಸಿರಿವಂತ ಕಟ್ಟಿಸಿದ್ದು. 1910ರಲ್ಲಿ ಅದು ಕಾಸ್ಟ್ರೊ ಗಿಮರಾಯಿಶ್ ಎಂಬ ಕೌಂಟನ, ಅಂದರೆ ಬಿರುದು ಪಡೆದ ಜಹಗೀರದಾರನಂಥವನ, ಕೈಸೇರಿತು. ಆತ 1927ರಲ್ಲಿ ತೀರಿಕೊಂಡಾಗ ಮನೆ, ತೋಟ, ಪುಸ್ತಕ ಎಲ್ಲವನ್ನೂ ಉಯಿಲಿನಲ್ಲಿ ಊರಿಗೇ ಬಿಟ್ಟಿದ್ದ. 1931ರಲ್ಲಿ ಅದು ಸಾರ್ವಜನಿಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವಾಗಿ ತೆರೆಯಿತು. ಹಳೆಯ ಲಿಸ್ಬನ್ನಿನ ಚಿತ್ರವಿರುವ 16ನೆಯ ಶತಮಾನದ ಹಸ್ತಪ್ರತಿಯೊಂದು ಅಲ್ಲಿನ ಸಂಗ್ರಹದ ಹೆಮ್ಮೆ. ಅದೇ ಶತಮಾನದಲ್ಲಿ ಈ ಪೋರ್ಚುಗೀಸರು ನಮ್ಮ ಬಸರೂರಿನ ಅಕ್ಕಿಯನ್ನು ಗೋವೆಗೆ ಸಾಗಿಸುತ್ತಿದ್ದರು! ನಮ್ಮ ಅಕ್ಕಿ ತಿಂದವರ ಪುಸ್ತಕದ ಮನೆ ನೋಡಲು ನನಗೂ ಸ್ವಲ್ಪ ಹಕ್ಕಿದೆ ಎಂದುಕೊಂಡು ಒಳಗೆ ಹೋದೆ.

ಇನ್ನೊಂದು ತಮಾಷೆ. ಇವರ ಮಹಾಕವಿ ಫರ್ನಾಂಡೊ ಪೆಸೋವಾ 1932ರಲ್ಲಿ ಅಲ್ಲಿನ ಗ್ರಂಥಪಾಲಕನ ಕೆಲಸಕ್ಕೆ ಅರ್ಜಿ ಹಾಕಿದ್ದನಂತೆ. ಕೊಡಲಿಲ್ಲ. ಆತ ವ್ಯಾಪಾರದ ಪತ್ರಗಳನ್ನು ಅನುವಾದಿಸಿಕೊಂಡೇ ಹೊಟ್ಟೆ ಹೊರೆದ. ಹಾಗೆಂದು ನನ್ನ ಕೆಲಸದ ಬಗ್ಗೆ ಗಾಬರಿ ಬೇಡ, ಅದು ಗಟ್ಟಿಯಾಗಿದೆ. ಶನಿವಾರ, ಭಾನುವಾರ ಹೋಟೆಲೊಂದರ ಲೆಕ್ಕ ಬರೆಯುತ್ತಿರುವುದು ಕಷ್ಟಕ್ಕಲ್ಲ, ಹೊತ್ತು ಹೋಗುವುದಕ್ಕೆ. ಬಾಡಿಗೆ ಏರಿದೆ, ಆದರೆ ಎಲ್ಲರಿಗೂ ಏರಿದೆ. ಸಂಬಳ ಸಾಕಾಗಿ ಮಿಕ್ಕುತ್ತದೆ. ಊಟವೂ ಚೆನ್ನಾಗಿದೆ. ಎದುರಿಗೇ ಸಮುದ್ರವಿಟ್ಟುಕೊಂಡು ನಾರ್ವೆಯ ಒಣಮೀನಿಗೆ ಪ್ರಾಣ ಬಿಡುವ ಜನ ಇವರು. ಅಮ್ಮನ ಸಾರು ಇವರಿಗೆ ಒಮ್ಮೆ ಬಡಿಸಬೇಕು.

ಅಪ್ಪಯ್ಯ, ಆ ಕೌಂಟನಿಗೆ ಮಕ್ಕಳಿರಲಿಲ್ಲ, ಊರಿಗೆ ಕೊಟ್ಟ. ನಿಮಗೆ ನಾವಿಬ್ಬರಿದ್ದೇವೆ. ದೊಡ್ಡಪ್ಪ ತಮ್ಮ ಪಾಲಿನ ಹಣ ಕೇಳಿದರೆ ತಪ್ಪೆನ್ನಲಾರೆ, ಅವರಿಗೂ ಸಾಲವಿದೆ. ಎಷ್ಟು ಬೇಕೆಂದು ನೇರವಾಗಿ ಕೇಳಿ ನನಗೆ ತಿಳಿಸಿ. ಕಂತಿನಲ್ಲಿ ಕೊಡುತ್ತೇನೆ. ಸುಮಾಳ ಮದುವೆಯ ಹಣ ದೀಪಾವಳಿಯೊಳಗೆ ಬ್ಯಾಂಕಿಗೆ ಬರುತ್ತದೆ. ಖಂಡಿತ ಬರುತ್ತದೆ. ಅಷ್ಟರವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಮುಟ್ಟಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ. ನನಗೆ ಯಾವ ತೊಂದರೆಯೂ ಇಲ್ಲ, ಮತ್ತೆ ಹೇಳುತ್ತೇನೆ, ಯಾವ ತೊಂದರೆಯೂ ಇಲ್ಲ.

ಕೆಲಸಕ್ಕೆ ಹೊತ್ತಾಯಿತು, ಅಂಚೆಗೆ ಹಾಕಿ ಓಡಬೇಕು. ಸರ್ವೆ ನಕ್ಷೆಯ ಫೋಟೋವನ್ನು ಸುಮಾಳ ಮೊಬೈಲಿನಿಂದ ಇಂದೇ ಕಳುಹಿಸಲು ಹೇಳಿ.

ನಿಮ್ಮ,
ಗಣಪ