ಪಟ್ಟಿ ಕಳಿಸುವ ಮೊದಲು

ಪುಟ್ಟಿ,

ನಿನ್ನೆ ಫೋನಿನಲ್ಲಿ ನನ್ನ ದನಿ ಏರಿತು, ಬೇಜಾರು ಮಾಡ್ಕೋಬೇಡ. ರಾಜ್ಯೋತ್ಸವಕ್ಕೆ ಹತ್ತು ಶ್ರೇಷ್ಠ ಚಿತ್ರಸಾಹಿತಿಗಳನ್ನು ಆರಿಸೋ ಕೆಲಸ ನಿನಗೇ ಕೊಟ್ಟಿದ್ದು ನನಗೆ ಹೆಮ್ಮೆ. ಆದರೆ ಜಯಂತ ಕಾಯ್ಕಿಣಿ ಒಂದನೇದು, ಚಿ. ಉದಯಶಂಕರ್ ಏಳನೇದು ಅಂದೆಯಲ್ಲ, ಯಾವ ಅಳತೆಯಲ್ಲಿ?

ಮೊದಲು ಎರಡು ಪಟ್ಟಿ ಮಾಡು. ಕವಿತೆ ಮೊದಲು ಹುಟ್ಟಿ ಆಮೇಲೆ ರಾಗ ಕೂತದ್ದು ಒಂದರಲ್ಲಿ: ‘ಬೆಳ್ಳಿ ಮೋಡ’ದಲ್ಲಿ (1967) ಬಂದ ಬೇಂದ್ರೆಯವರ ‘ಮೂಡಲ ಮನೆಯ’ ಥರದ್ದು. ಟ್ಯೂನಿಗೆ ಬರೆದದ್ದು ಇನ್ನೊಂದರಲ್ಲಿ. ಟ್ಯೂನಿಗೆ ಬರೆಯೋರಿಗೆ ಸ್ವರ ಎಳೆಯೋ ಜಾಗದಲ್ಲಿ ದೀರ್ಘಾಕ್ಷರವೇ ಬೇಕು. ಹ್ರಸ್ವ ಕೂರಿಸಿದರೆ ‘ಬಳೆ’ ಹಾಡೋರ ಬಾಯಲ್ಲಿ ‘ಬಾಳೆ’ ಆಗುತ್ತೆ. ಹಂಸಲೇಖರದು ಬೇರೆಯೇ ಲೆಕ್ಕ. ‘ಪ್ರೇಮಲೋಕ’ದಲ್ಲಿ (1987) ಮಾತೂ ಮಟ್ಟೂ ಅವರದೇ, ಪದ ಕೂರದಿದ್ದರೆ ಮಟ್ಟನ್ನೇ ತಿದ್ದಬಹುದು.

ನನ್ನ ಹೆದರಿಕೆಯೆಲ್ಲ ಹೆಸರಿನದು. ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ಬರೆದದ್ದನ್ನು ನಂಬಬೇಡ. ಎಷ್ಟೋ ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಮೂರು ನಾಲ್ಕು ಹೆಸರು ಒಟ್ಟಿಗಿರುತ್ತೆ, ಯಾವ ಹಾಡು ಯಾರದು ಅಂತ ಇರಲ್ಲ. ಆಮೇಲೆ ಜನ ಎಲ್ಲವನ್ನೂ ದೊಡ್ಡ ಹೆಸರಿನವರ ಖಾತೆಗೇ ಬರೀತಾರೆ. ‘ಮುಂಗಾರು ಮಳೆ’ (2006) ನೋಡು. ‘ಅನಿಸುತಿದೆ’ ಕಾಯ್ಕಿಣಿಯವರದು, ‘ಮುಂಗಾರು ಮಳೆಯೇ’ ಯೋಗರಾಜ್ ಭಟ್ಟರದು, ಹೃದಯ ಶಿವ ಬರೆದದ್ದೂ ಅದರಲ್ಲಿದೆ. ‘ಬೆಳ್ಳಿ ಮೋಡ’ದಲ್ಲೂ ಅಷ್ಟೆ, ‘ಬೆಳ್ಳಿ ಮೋಡದ ಅಂಚಿನಿಂದ’ ಆರ್.ಎನ್. ಜಯಗೋಪಾಲರದು, ಬೇಂದ್ರೆಯವರದಲ್ಲ. ಹಳೇ ಹಾಡಿಗೆ ರೆಕಾರ್ಡಿನ ಲೇಬಲ್ ನೋಡು, ಆಮೇಲಿನದಕ್ಕೆ ಕ್ಯಾಸೆಟ್ ಕವರ್. ಎರಡು ಕಡೆ ಒಂದೇ ಹೆಸರು ಸಿಕ್ಕರೆ ಮಾತ್ರ ಬರಕೋ. ಸಿಗದಿದ್ದರೆ ಆ ಹಾಡು ಬಿಡು, ಎಷ್ಟೇ ಇಷ್ಟವಾದರೂ. ಒಬ್ಬರ ಹಾಡು ಇನ್ನೊಬ್ಬರ ಲೆಕ್ಕಕ್ಕೆ ಹೋದರೆ ವೇದಿಕೆ ಮೇಲೆ ನಿಂತಿರೋಳು ನೀನು.

ಪ್ರಶಸ್ತಿಯನ್ನೂ ಸರಿಯಾಗಿ ಓದು. ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ರಾಜಕುಮಾರ್ ಹಾಡಿದ್ದಕ್ಕೆ, ಬರೆದ ಉದಯಶಂಕರ್‌ಗಲ್ಲ. ‘ಮೈಸೂರ ಮಲ್ಲಿಗೆ’ ಸಿನಿಮಾದಲ್ಲಿ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರಿಗೆ ಬಂದದ್ದು ಸಾಹಿತ್ಯಕ್ಕೇ, ಆದರೆ ಆ ಹೆಸರಿನ ಕವನ ಸಂಕಲನ 1942ರದು, ಅಂದರೆ ಅದು ಕವಿತೆ ಮೊದಲು ಹುಟ್ಟಿದ ಪಟ್ಟಿಗೆ.

ಇನ್ನು ಅಂಕ. ಒಬ್ಬೊಬ್ಬರದೂ ಹತ್ತು ಹಾಡು ತಗೊಂಡು ರಾಗ ಬಿಟ್ಟು ಗಟ್ಟಿಯಾಗಿ ಓದು. ಪಲ್ಲವಿ ಎಲ್ಲರದೂ ಮಿಂಚುತ್ತೆ. ಎರಡನೇ ಚರಣದಲ್ಲಿ ಬರೀ ಪ್ರಾಸಕ್ಕೆ ಪದ ತುರುಕಿದ್ದಾರಾ ನೋಡು. ಜೋಗುಳ, ಭಕ್ತಿ, ತಮಾಷೆ, ವಿರಹ ಎಲ್ಲವನ್ನೂ ಬರೆದವರಿಗೆ ಹೆಚ್ಚು ಕೊಡು. ಸಂಭಾಷಣೆಯನ್ನೂ ಬರೀತಿದ್ದ ಉದಯಶಂಕರ್ ಇಲ್ಲಿ ಮೇಲೆ ಬರ್ತಾರೆ, ಅವರ ಹಾಡು ಪಾತ್ರದ ಮಾತಿನಿಂದಲೇ ಏಳುತ್ತೆ. ವ್ಯೂಸ್ ಎಣಿಸಬೇಡ, ಕ್ಯಾಸೆಟ್ ಕಾಲದವರು ಅಲ್ಲೇ ಸೋಲ್ತಾರೆ.

ಪಾಠ ಉದ್ದವಾಯ್ತು, ಗೊತ್ತು. ರಾತ್ರಿಯೆಲ್ಲ ಕೂತು ಮಾಡಬೇಡ, ಊಟ ಮಾಡು. ಕಾಯ್ಕಿಣಿಯವರನ್ನು ಬೇಕಾದರೆ ಮೇಲೇ ಇಡು, ಕಾರಣ ಎರಡು ಸಾಲು ಬರಿ, ಸಾಕು. ಆದರೆ ಜಯಗೋಪಾಲ್ ಹತ್ತರಲ್ಲೂ ಇರಲಿಲ್ಲವಲ್ಲ, ಅದಕ್ಕೆ ಮಾತ್ರ ನನಗೆ ಇನ್ನೂ ಸಿಟ್ಟಿದೆ.

ಅಮ್ಮ